ಲೋಯ್ಜೆಯ ಕೊಡತಿ

ಜಗೊರ್ನಿ ಲೋಗ್,
6 ಜುಲೈ 2003, ಭಾನುವಾರ

ಪ್ರೀತಿಯ ಲೋಯ್ಜೆ,

'ಪ್ರೀತಿಯ' ಎಂದು ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು. ನಲವತ್ತೊಂದು ವರ್ಷದ ಅಭ್ಯಾಸ, ಹಾಗೇ ಇರಲಿ. ಸೊಂಟದ ನೋವು ಹೇಗಿದೆ? ಆಸ್ಪತ್ರೆಯಲ್ಲಿ ದಿನಕ್ಕೆರಡು ಸಲ ಬಿಸಿನೀರಿನ ಕೊಳದಲ್ಲಿ ನಡೆಸುತ್ತಾರೆಂದು ಬರೆದಿದ್ದೆಯಲ್ಲ, ನರ್ಸ್ ಹೇಳಿದಷ್ಟೇ ಹೆಜ್ಜೆ ಹಾಕು, ನಿನ್ನ ಬುದ್ಧಿ ಓಡಿಸಬೇಡ. ಪಕ್ಕದ ಮನೆಯ ಜೆಫಾ ಆ ಕಡೆಗೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಉಣ್ಣೆಯ ಕಾಲುಚೀಲ, ಅಕ್ರೋಟು ತುಂಬಿದ ಸಿಹಿ ರೊಟ್ಟಿ ಕಳಿಸಿದ್ದೇನೆ. ಅರ್ಧವನ್ನಾದರೂ ಪಕ್ಕದ ಹಾಸಿಗೆಯವನಿಗೆ ಕೊಡು. ನೀನು ಕೇಳಿದ ಲಿಂಡನ್ ಹೂವಿನ ಚಹಾ ಮಾತ್ರ ಕಳಿಸಿಲ್ಲ. ಹೋದ ವರ್ಷ ಒಣಗಿಸಿಟ್ಟದ್ದು ಮುಗಿಯಿತು. ಈ ವರ್ಷದ್ದನ್ನು ಎಲ್ಲಿಂದ ತರಲಿ, ನೀನೇ ಹೇಳು.

ಮೂರು ವಾರದ ಹಿಂದೆ ಊರಿನ ಹೆಂಗಸರೆಲ್ಲ ಏಣಿ, ಹಳೇ ಹಾಸುಬಟ್ಟೆ ಹಿಡಿದು ಹೂ ಕೀಳಲು ಚೌಕದಲ್ಲಿ ಸೇರಬೇಕಿತ್ತು. ಹಳೇ ಲಿಂಡನ್ ಮರವೇ ಇಲ್ಲವಲ್ಲ. ಆದರೂ ಜೆಫಾ ಕಾಲಿನ ಅಭ್ಯಾಸಕ್ಕೆ ಏಣಿ ಹೊತ್ತು ಬಂದು, ಮೋಟು ಬುಡದ ಪಕ್ಕದಲ್ಲಿ ಸುಮ್ಮನೆ ನಿಂತು, ವಾಪಸು ಹೋದಳು. ಎದುರಿಗೆ, ಹಳೇ ಮರದ ನೆರಳಿದ್ದ ಜಾಗದಲ್ಲಿ, ನಿನ್ನ ಹೊಸ ಲಿಂಡನ್ ಮರ ನೆಟ್ಟಗೆ ನಿಂತಿದೆ. ಅದರಲ್ಲಿ ದೋಷವಿಲ್ಲ. ಬೀದಿಗೆ ಹೇಳಿ ಮಾಡಿಸಿದ ತಳಿ. ತಂತಿಗೆ ತಾಗುವುದಿಲ್ಲ, ಕೆಳಗೆ ನಿಂತ ಕಾರುಗಳ ಮೇಲೆ ಅಂಟು ಸುರಿಸುವುದಿಲ್ಲ, ಹೊಗೆಗೆ ಹೆದರುವುದಿಲ್ಲ, ಗಾಳಿ ಬಂದರೆ ಎಲೆಯ ಬೆಳ್ಳಿಬಣ್ಣದ ಹಿಂಭಾಗ ತೋರಿಸುತ್ತದೆ. ಪ್ರತಿ ಆಗಸ್ಟಿನಲ್ಲೂ ನಿನ್ನ ಜೊತೆ ಬಗ್ಗಿ ಕೂತು ಅದರ ಕಣ್ಣುಗಳನ್ನು ಕಸಿ ಕಟ್ಟಿದವಳು ನಾನು, ಅದರ ಮೇಲೆ ನನಗೇನು ಹಗೆ? ಲುಬ್ಲಿಯಾನಾದ ಬೀದಿಗಳಲ್ಲಿ, ಮರವೇ ಇಲ್ಲದ ಕಡೆ, ಸಾವಿರ ನೆಡು. ಆದರೆ ಅದಕ್ಕೆ ನನ್ನ ಹೆಸರಿಟ್ಟಿದ್ದೀಯಲ್ಲ. ಮೊನ್ನೆ ಜೆಫಾ ನಮ್ಮ ತೋಟದ ತಾಯಿಮರದಿಂದ ಹೂ ಕಿತ್ತು ಚಹಾ ಕುದಿಸಿದಳು. "ನಿನ್ನ ಹೆಸರಿನ ಮರದ ಚಹಾ ಕುಡ್ದೆ ಕಣೇ ಯುಸ್ತಿನಾ. ನೋಡೋಕೆ ಚೆಂದ, ಬಾಯಿಗೆ ಬರೀ ಬಿಸಿನೀರು" ಎಂದು ಬ್ರೆಡ್ಡಿನ ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತೆ.

ಈಗ ಫೆಬ್ರವರಿಯ ಆ ಬೆಳಗಿನ ಮಾತಿಗೆ ಬರುತ್ತೇನೆ. ನಿನ್ನ ಅಜ್ಜನ ಕಾಲದಿಂದ ಈ ಊರಲ್ಲಿ ಒಂದು ಕಟ್ಟುಪಾಡಿದೆ. ನಿಮ್ಮ ಮನೆಯವರು ಕೊಡತಿಯಿಂದ ಮೂರು ಎತ್ತರದಲ್ಲಿ ಹೊಡೆದು ಕೇಳುವ ತನಕ ಊರಿನ ಮರಕ್ಕೆ ಯಾರೂ ಗರಗಸ ಇಡುವುದಿಲ್ಲ. ಗಟ್ಟಿ ಮರ ಹಾಡುತ್ತದೆ, ಟೊಳ್ಳು ಮರ ಕೆಮ್ಮುತ್ತದೆ. ಅವತ್ತು ಊರಿನ ಮುಖ್ಯಸ್ಥ ಬೆನೊ ಇದ್ದ, ಮರದಲ್ಲಿ ವಿಗ್ರಹ ಕೆತ್ತುವ ತೀನೆ ಇದ್ದ, ಅರ್ಧ ಊರೇ ಇತ್ತು. ನಿನ್ನ ಟೋಪಿ ಹಿಡಿದುಕೊಂಡು ನಾನಿದ್ದೆ. ನೀನು ಮೂರು ಸಲ ಹೊಡೆದು, "ಕೆಮ್ತಾ ಇದೆ. ಒಳಗೆಲ್ಲ ಟೊಳ್ಳು" ಎಂದೆ. ನಿಮ್ಮ ಮನೆಯವರ ಕಿವಿಯ ಮೇಲೆ ಊರಿಗೆ ಅಷ್ಟು ನಂಬಿಕೆ, ಎಲ್ಲರೂ ತಲೆಯಾಡಿಸಿದರು. ಮುನ್ನೂರು ವರ್ಷದ ಮರ ಮಧ್ಯಾಹ್ನದ ಊಟದ ಹೊತ್ತಿಗೆ ನೆಲದ ಮೇಲಿತ್ತು. ಲೋಯ್ಜೆ, ಅದು ಹಾಡಿತ್ತು. ಮೂರು ಸಲವೂ ಹಾಡಿತ್ತು. ನಿನ್ನ ಕಿವಿ ತಪ್ಪಿತೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಲೂ ದಾರಿಯಿಲ್ಲ. 'ಯುಸ್ತಿನಾ, ಬೆಳೆಸಿದವರು ಲೋಯ್ಜೆ' ಎಂದು ಕೆತ್ತಿದ, ಹೊಸ ಮರದ ಬುಡಕ್ಕೆ ಹಾಕುವ ಹಿತ್ತಾಳೆ ಫಲಕ ಜನವರಿಯಲ್ಲೇ ನಮ್ಮ ಅಡುಗೆಮನೆಯ ಮೇಜಿಗೆ ಬಂದಿತ್ತು. ಚೌಕದಲ್ಲಿ ಜಾಗ ಖಾಲಿಯಾಗುವ ಮೊದಲೇ ಅದನ್ನು ಉಜ್ಜಿ ಹೊಳಪು ಮಾಡಿಟ್ಟವಳು ನಾನು.

ಕಾಂಡದ ತುಂಡುಗಳನ್ನು ತೀನೆ ವಿಗ್ರಹಕ್ಕೆಂದು ತೆಗೆದುಕೊಂಡು ಹೋಗಿದ್ದ. ಸೀಳಿ ನೋಡಿದರೆ ತಿರುಳಿನ ತನಕ ಬೆಳ್ಳಗೆ, ಬೆರಳು ತೂರುವಷ್ಟೂ ತೂತಿಲ್ಲ. ನಮ್ಮ ಬಾಗಿಲಿಗೆ ಬಂದು, "ಯುಸ್ತಿನಕ್ಕಾ, ಲೋಯ್ಜಣ್ಣನ ಕಿವಿ ಮಂದ ಆಗಿದೆಯಾ? ಹೆಂಗೂ ಆಸ್ಪತ್ರೇಲಿದ್ದಾನೆ, ಅದನ್ನೂ ತೋರಿಸ್ಬಿಡಿ" ಎಂದ. ಒಳ್ಳೆಯವನು, ನೆಪವನ್ನೂ ಅವನೇ ತಂದುಕೊಟ್ಟ. ವಯಸ್ಸಾಯಿತಲ್ಲ ಎಂದುಬಿಟ್ಟೆ. ಅಂದಿನಿಂದ ಊರೆಲ್ಲ ನಿನ್ನ ಕಿವಿಗಾಗಿ ಮರುಗುತ್ತಿದೆ, ಜೆಫಾಳ ಅತ್ತೆ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದ್ದಾಳೆ. ಬೈದಿದ್ದರೆ ಸಹಿಸಬಹುದಿತ್ತು. ಈ ಮರುಕವನ್ನು ನುಂಗಲು ನನ್ನಿಂದ ಆಗುತ್ತಿಲ್ಲ.

ಅದರ ಮೇಲೆ ಗುರುವಾರ ನಿನ್ನ ಕಾಗದ ಬಂತು. ಹಳೇ ಬುಡದಲ್ಲಿ ಚಿಗುರು ಬಂದಿದೆಯಂತೆ, ಶೆಡ್ಡಿನ ಕೆಂಪು ಡಬ್ಬಿಯಲ್ಲಿರುವ ಔಷಧವನ್ನು ಯಾರೂ ನೋಡದ ಹಾಗೆ ಬಳಿದುಬಿಡು ಎಂದು ಬರೆದಿದ್ದೀಯ. ಚಿಗುರು ಕೊಲ್ಲುವ ವಿಷಕ್ಕೆ ಔಷಧವಂತೆ. ಚಿಗುರು ಮಂಡಿಯೆತ್ತರ ಬಂದಿದೆ, ಒಂದೊಂದು ಎಲೆ ನನ್ನ ಅಂಗೈಗಿಂತ ಅಗಲ. ಕಸಿ ಗೆಲ್ಲಲಿ ಎಂದು ಬೇರಿನ ಚಿಗುರನ್ನು ಜೀವನವಿಡೀ ಚಿವುಟಿದವರು ನಾವು, ಇದನ್ನೂ ಚಿವುಟುತ್ತೇನೆ ಎಂದುಕೊಂಡೆಯಾ? ಡಬ್ಬಿಯನ್ನು ನಾನು ಮುಟ್ಟಿಲ್ಲ.

ಊಟ ಸರಿಯಾಗಿ ಮಾಡು, ಒದ್ದೆ ಬಟ್ಟೆಯಲ್ಲಿ ಕೂರಬೇಡ. ದೇವರು ನಿನ್ನ ಸೊಂಟವನ್ನು ಗಟ್ಟಿ ಮಾಡಲಿ, ನೆಟ್ಟಗೆ ನಿಲ್ಲುವ ಹಾಗೆ ಮಾಡಲಿ.

ನಿನ್ನ
ಯುಸ್ತಿನಾ
(ಮರವಲ್ಲ, ಹೆಂಡತಿ)

ತಾ.ಕ.: ಬಸ್ಸಿಗೆ ಹೊತ್ತಾಯಿತೆಂದು ಜೆಫಾ ಬಾಗಿಲಲ್ಲಿ ಗೊಣಗುತ್ತಿದ್ದಾಳೆ. ಇವತ್ತು ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಚೌಕದಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಕೊಡತಿ ಹೊಡೆದಾಗ ಕೇಳಿಸಿದ್ದನ್ನು, ಫಲಕ ಬಂದ ತಿಂಗಳನ್ನು, ನಾನು ಬಾಯಿ ಮುಚ್ಚಿಕೊಂಡಿದ್ದನ್ನು. ಬೆನೊ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ತೀನೆ ಆ ಕಾಂಡದ ಉಳಿದ ತುಂಡೊಂದನ್ನು ತಂದು ಬೆಂಚಿನ ಪಕ್ಕ ನಿಲ್ಲಿಸಿ, ನಮ್ಮ ಗೋಡೆಯ ಮೇಲಿದ್ದ ಕೊಡತಿಯನ್ನು ತರಿಸಿ ಅದರ ಮೇಲಿಟ್ಟ. "ಲೋಯ್ಜಣ್ಣ ಬರ್ಲಿ. ನಮ್ಮೆಲ್ಲರ ಮುಂದೆ ಹೊಡ್ದು, ಏನ್ ಕೇಳ್ಸುತ್ತೆ ಅಂತ ಅವನೇ ಹೇಳ್ಲಿ" ಎಂದ. ಹದಿನಾಲ್ಕರಂದು ನಿನ್ನ ಬಸ್ಸು ನಿಲ್ಲುವುದು ಆ ಚೌಕದಲ್ಲೇ. ನಿನ್ನ ಟೋಪಿ ಹಿಡಿದುಕೊಳ್ಳಲು ನಾನು ಪಕ್ಕದಲ್ಲೇ ಇರುತ್ತೇನೆ. ಈ ಸಲ ಕೆಮ್ಮಿತು ಎಂದೆಯೋ, ನಾನು ಸುಮ್ಮನಿರುವುದಿಲ್ಲ.