ಬೋರ್ಡಿಗೆ ಬಿದ್ದ ಏಟು

ಶಾಲೆಯ ಸ್ಟಾಫ್ ರೂಮು,
ಹನ್ನೆರಡನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ಹೇಗಿದೆ? ಆಪರೇಷನ್ ಆಗಿ ಎರಡು ತಿಂಗಳಾಯಿತು. ಈಗ ಕೋಲಿಲ್ಲದೆ ಬಾಗಿಲ ತನಕ ನಡೆಯುತ್ತೀಯಾ, ಇಲ್ಲ ಮಗಳ ಮನೆಯಲ್ಲಿ ಕೂತಲ್ಲಿಂದಲೇ ದರ್ಬಾರು ನಡೆಸುತ್ತಿದ್ದೀಯಾ? ಅವಳನ್ನು ಕೇಳಿದರೆ ‘ಅಮ್ಮ ಹುಷಾರಾಗಿದ್ದಾಳೆ ಚಿಕ್ಕಮ್ಮ, ಆದ್ರೆ ಹೊತ್ತು ಹೋಗಲ್ಲ ಅಂತ ನನ್ನ ತಲೆ ತಿಂತಾಳೆ’ ಅಂದಳು. ನಾನು, ನಮ್ಮ ಯಜಮಾನರು, ನನ್ನ ಬಿ.ಪಿ. ಮೂವರೂ ಚೆನ್ನಾಗಿದ್ದೇವೆ. ಫೋನಿರುವಾಗ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಾದರೆ ಅರ್ಧಕ್ಕೇ ಬಾಯಿ ಹಾಕುತ್ತೀಯ. ಕಾಗದವಾದರೆ ಕೊನೆಯ ತನಕ ಓದಲೇಬೇಕು.

ನಿನ್ನೆ ನನ್ನ ಪರೀಕ್ಷೆ ಮುಗಿಯಿತು. ಹೌದು, ಐವತ್ತಾರನೇ ವಯಸ್ಸಿನಲ್ಲಿ ಪರೀಕ್ಷೆ! ನಮ್ಮ ತರಗತಿಗಳಿಗೆ ಬೆರಳಿನಿಂದ ಮುಟ್ಟಿ ಬರೆಯುವ ಹೊಸ ಬೋರ್ಡು ಬಂದಿದೆ, ಟಿ.ವಿ.ಯ ದೊಡ್ಡಪ್ಪನಂಥದ್ದು. ಹೆಡ್‌ಮಾಸ್ಟರು ಖಡಾಖಂಡಿತವಾಗಿ ಹೇಳಿದ್ದರು: ಶುಕ್ರವಾರ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಇದರ ಮೇಲೆ ಪಾಠ ಮಾಡಲು ಬಾರದವರಿಗೆ ಮುಂದಿನ ವರ್ಷ ಹತ್ತನೇ ತರಗತಿ ಇಲ್ಲ ಎಂದು. ಇಪ್ಪತ್ತೆರಡು ವರ್ಷ ಹತ್ತನೆಯವರಿಗೆ ಗಣಿತ ಹೇಳಿದವಳು ಲೈಬ್ರರಿಯಲ್ಲಿ ಪುಸ್ತಕಕ್ಕೆ ಸೀಲು ಹೊಡೆಯುತ್ತಾ ಕೂರುವುದೇ?

ಮೂರು ವಾರ ಸಂಜೆ ಬೆಲ್ಲಾದ ಮೇಲೆ ನಮಗೆಲ್ಲ ತರಬೇತಿ. ಕಲಿಸುವವಳು ಕಂಪ್ಯೂಟರ್ ಮಿಸ್, ನಿನ್ನ ಮಗಳ ವಯಸ್ಸಿನವಳು. ಮೊದಲ ದಿನ ನಾನು ಎಳೆದ ವೃತ್ತ ಕೋಳಿಮೊಟ್ಟೆಯಾಯಿತು. ವಿಜ್ಞಾನದ ಮೇಷ್ಟರು ಬೋರ್ಡನ್ನು ಆರಿಸಲು ಹೋಗಿ ಇಡೀ ಮಹಡಿಯ ದೀಪ ಆರಿಸಿದರು. ನಾಲ್ಕು ವರ್ಷದ ಹಿಂದೆ ನಿನ್ನ ಶಾಲೆಗೆ ಕಂಪ್ಯೂಟರು ಬಂದಾಗ ‘ಈ ಡಬ್ಬದ ಮುಂದೆ ಪಾಠ ಮಾಡೋಕೆ ನಾನು ಹುಟ್ಟಿಲ್ಲ’ ಎಂದು ಕೆಲಸ ಬಿಟ್ಟೆಯಲ್ಲ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ನಕ್ಕಿದ್ದೆ. ಈ ಮೂರು ವಾರದಲ್ಲಿ ನನಗೂ ಹತ್ತು ಸಲ ನೆಲ ಡೊಂಕಾಗಿಯೇ ಕಂಡಿತು. ಅಂದು ನಕ್ಕಿದ್ದಕ್ಕೆ ಕ್ಷಮಿಸು.

ನಿನ್ನೆ ಮಾತ್ರ ಎಲ್ಲ ಸುಸೂತ್ರವಾಗಿ ಶುರುವಾಯಿತು. ವೃತ್ತದ ಕೇಂದ್ರದಲ್ಲಿ ಉಂಟಾಗುವ ಕೋನ, ಅಂಚಿನಲ್ಲಿ ಉಂಟಾಗುವ ಕೋನದ ಎರಡರಷ್ಟು ಎಂಬ ಪಾಠ. ಚಿತ್ರ ಬಿಡಿಸಿ ಸಾಧನೆಯನ್ನು ಮುಕ್ಕಾಲು ಬರೆದಿದ್ದೆ. ಅಷ್ಟರಲ್ಲಿ ಕಿಟಕಿಯ ಕಡೆಯ ಸಾಲಿನಲ್ಲಿ ಗುಸುಗುಸು. ನಿನಗೆ ಗೊತ್ತಲ್ಲ, ಗಲಾಟೆಯಾದರೆ ಬೋರ್ಡಿಗೆ ಅಂಗೈಯಿಂದ ರಪ್ಪನೆ ಹೊಡೆಯುವುದು ನಿನ್ನಿಂದಲೇ ಕಲಿತ ಚಟ. ಹೊಡೆದೆ. ಬೆರಳಿಟ್ಟರೆ ಬರೆಯುವ, ಅಂಗೈಯಿಟ್ಟರೆ ಅಳಿಸುವ ಬೋರ್ಡು ಅದು! ಗಾಬರಿಯಲ್ಲಿ ಆ ಅಂಗೈಯನ್ನೇ ಆ ಕಡೆ ಈ ಕಡೆ ಉಜ್ಜಿದೆ. ವೃತ್ತ, ಕೋನ, ಸಾಧನೆ ಎಲ್ಲ ಮಾಯ. ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರು ಏನೋ ಬರೆದುಕೊಂಡರು. ನನ್ನ ಹತ್ತನೇ ತರಗತಿಯೂ ಅದರ ಜೊತೆಗೇ ಅಳಿಸಿಹೋಯಿತು ಅಂದುಕೊಂಡೆ, ಕಣ್ಣು ತುಂಬಿ ಬಂತು.

ಆಗ ಎರಡನೇ ಬೆಂಚಿನ ಕನ್ನಡಕದ ಹುಡುಗಿ ‘ಮಿಸ್, ನಂಗೆ ನೆನಪಿದೆ, ಬರೀಲಾ?’ ಎಂದು ಎದ್ದಳು. ವರ್ಷವಿಡೀ ಬಾಯಿ ಬಿಟ್ಟವಳಲ್ಲ. ಅವಳು ವೃತ್ತ ಬರೆದಳು, ಇನ್ನೊಬ್ಬ ತ್ರಿಜ್ಯ ಎಳೆದ, ಮೂರನೆಯವಳು ಅವನು ತಪ್ಪಿದ್ದನ್ನು ತಿದ್ದಿದಳು. ಹತ್ತು ನಿಮಿಷದಲ್ಲಿ ನಾನು ಬರೆದದ್ದಕ್ಕಿಂತ ಅಚ್ಚುಕಟ್ಟಾದ ಸಾಧನೆ ನಿಂತಿತು. ಕೊನೆಗೆ ಕಂಪ್ಯೂಟರ್ ಮಿಸ್ ಕಲಿಸಿದ್ದನ್ನು ಮಾಡಿಸಿದೆ. ಅಳತೆ ತೋರಿಸುವ, ಮೊದಲೇ ತಯಾರಿದ್ದ ಚಿತ್ರವೊಂದನ್ನು ತೆರೆದು, ಅಂಚಿನ ಬಿಂದುವನ್ನು ವೃತ್ತದ ಕಂಸದ ಮೇಲೆಯೇ ಎಳೆಯಲು ಹೇಳಿದೆ. ಬಿಂದು ಎಲ್ಲಿಗೆ ಹೋದರೂ ಕೋನ ನಲವತ್ತು ಡಿಗ್ರಿಯೇ! ಮಕ್ಕಳು ಸಾಲು ನಿಂತರು. ಸಾಲಿನ ಕೊನೆಯಲ್ಲಿ ಯಾರು ಅಂದುಕೊಂಡೆ? ಹೆಡ್‌ಮಾಸ್ಟರು! ಎರಡು ಸಲ ಎಳೆದು ನೋಡಿ ‘ನಮಗೆ ಇದನ್ನ ಬಾಯಿಪಾಠ ಮಾಡಿಸಿದ್ರು ಕಣಮ್ಮ’ ಅಂದರು. ಹತ್ತನೇ ತರಗತಿ ನನಗೇ ಉಳಿಯಿತು.

ಆಮೇಲೆ ತಿಳಿಯಿತು, ಮೂಲೆಯ ಬಾಣದ ಗುರುತು ಒತ್ತಿದ್ದರೆ ಅಳಿಸಿದ್ದೆಲ್ಲ ವಾಪಸು ಬರುತ್ತಿತ್ತಂತೆ. ಪಾಠದುದ್ದಕ್ಕೂ ಬಾಗಿಲಲ್ಲೇ ನಿಂತಿದ್ದ ಕಂಪ್ಯೂಟರ್ ಮಿಸ್ ಮೇಲೆ, ಗೊತ್ತಿದ್ದೂ ಯಾಕೆ ತೆಪ್ಪಗಿದ್ದೆ ಎಂದು ರೇಗಿದೆ. ‘ಅಷ್ಟರಲ್ಲಿ ಆ ಹುಡುಗಿ ಎದ್ದಳಲ್ಲ ಮಿಸ್’ ಅಂದಳು. ಅವಳು ಒಳ್ಳೆಯ ಟೀಚರು ಅಕ್ಕಾ. ಅಂಥವರನ್ನು ಕಂಡಾಗಲೆಲ್ಲ ನನಗೆ ನೀನೇ ನೆನಪಾಗುತ್ತೀಯ, ನೀನು ಮನೆಯಲ್ಲಿ ಸುಮ್ಮನೆ ಕೂತಿದ್ದೀಯಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ, ನಿನ್ನ ಕಾಲಿಗೆ ನನ್ನ ನಮಸ್ಕಾರ, ಮಂಡಿ ನೋಯದ ಹಾಗೆ.

ನಿನ್ನ ಪುಟ್ಟಿ

ಮರೆತಿದ್ದೆ (ಸುಳ್ಳು, ಮರೆತಿರಲಿಲ್ಲ): ಒಂಬತ್ತನೇ ತರಗತಿಯ ಗಣಿತದ ಟೀಚರು ಹೆರಿಗೆ ರಜೆಗೆ ಹೋಗುತ್ತಿದ್ದಾಳೆ. ಮನೆಯಲ್ಲೇ ಕೂತು ಆ ಬೋರ್ಡಿನ ಪರದೆಯಲ್ಲಿ ಕಾಣಿಸಿಕೊಂಡು ಪಾಠ ಮಾಡುವವರು ಮೂರು ತಿಂಗಳಿಗೆ ಬೇಕಂತೆ. ನಿನ್ನ ಹೆಸರು ಕೊಟ್ಟಿದ್ದೇನೆ. ಇಪ್ಪತ್ತೊಂದನೇ ತಾರೀಖು ಸೋಮವಾರ ಕಂಪ್ಯೂಟರ್ ಮಿಸ್ ಕಲಿಸಿಕೊಡಲು ಫೋನ್ ಮಾಡುತ್ತಾಳೆ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿ, ಅವಳಿಗೆ ಮಾತ್ರ ಆಗಲ್ಲ ಅನ್ನಬೇಡ. ನನಗೆ ಗಣಿತ ಕಲಿಸಿದವರೇ ನಿಮಗೂ ಬರುತ್ತಾರೆ ಎಂದು ಮೂವತ್ತೆಂಟು ಮಕ್ಕಳಿಗೆ ಆಗಲೇ ಹೇಳಿಬಿಟ್ಟಿದ್ದೇನೆ.