ಕೆನ್ನೆ ಮುಟ್ಟಿ ನೋಡಿ

ರೀ,

ಬಚ್ಚಲ ಬಾಗಿಲಲ್ಲಿ ನಿಂತು ಹೇಳಿದ್ದಕ್ಕೆಲ್ಲ ಒಳಗಿಂದ "ಹೂಂ" ಅಂದಿರಿ. ಆ "ಹೂಂ" ನಂಬಿ ಹೋಗೋಕೆ ಧೈರ್ಯ ಸಾಲದು, ಅದಕ್ಕೇ ಬರೀತಿದೀನಿ.

ನಿಮ್ಮ ಮಗಳು ಗುಬ್ಬಿಗೆ ಭೇದಿ ಇನ್ನೂ ನಿಂತಿಲ್ಲ. ನನಗೆ ರಜಾ ಕೊಡಲಿಲ್ಲ.

ಜಗ್ಗಿನಲ್ಲಿರೋ ಓಆರ್‌ಎಸ್ ನೀರನ್ನ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸ್ತಾ ಇರಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಖಾಲಿಯಾದರೆ ಇನ್ನೊಂದು ಪೊಟ್ಟಣ ಕಲಸಿ, ಅದರ ಮೇಲೆ ಬರೆದಿರೋ ಅಷ್ಟೇ ನೀರು, ಕಾಯಿಸಿ ಆರಿಸಿದ್ದು. ಹೋಟೆಲಿನ ನಿಮ್ಮ ಕೈಯಳತೆ ಇಲ್ಲಿ ಬೇಡ. ರುಚಿಗೆ ಅಂತ ಸಕ್ಕರೆಯನ್ನೂ ಹಾಕಬೇಡಿ. ಹಸಿವು ಅಂದರೆ ಅನ್ನ ಮೆತ್ತಗೆ ಕಿವುಚಿ ತಿನ್ನಿಸಿ.

ಅವಳು ಅತ್ತರೆ ನಿಮ್ಮ ಕರುಳು ಚುರ್ ಅನ್ನುತ್ತೆ, ಎತ್ತಿಕೊಂಡು ಕುಣಿದು ಸುಮ್ಮನಾಗಿಸ್ತೀರಿ. ಇವತ್ತು ಮೊದಲು ಕೆನ್ನೆ ಮುಟ್ಟಿ ನೋಡಿ. ಕಣ್ಣೀರು ಬರದಿದ್ದರೆ, ಬಾಯಿ ಒಣಗಿದ್ದರೆ, ಉಚ್ಚೆ ಹೋಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಕರೆದರೂ ಕಣ್ಣು ಬಿಡದಿದ್ದರೆ ನನಗೆ ಫೋನ್ ಮಾಡ್ತಾ ಕೂರಬೇಡಿ. ಆಸ್ಪತ್ರೆಗೆ ಓಡಿ.

ತೊಡೆ ಮೇಲೆ ಕೆಂಪಗಿರೋದು ಸೊಳ್ಳೆ ಕಚ್ಚಿದ್ದಲ್ಲ. ಹೊರಡೋ ಮುಂಚೆ ನಾನೇ ಚಿವುಟಿ ಅಳಿಸಿದೆ. ಕಣ್ಣಲ್ಲಿ ನೀರು ಬಂತು. ಅದನ್ನ ನೋಡಿದ ಮೇಲೇ ಚಪ್ಪಲಿ ಮೆಟ್ಟಿದ್ದು.