ಎಡಗಿವಿಯ ಹುಡುಗಿ

ಜೂನ್ 11, ಮಂಗಳವಾರ

ಮತ್ತೆ ಲೇಟು. ಕೀಲ್ಪಾಕ್‌ನಿಂದ ವಡಪಳನಿವರೆಗೆ ಚೆನ್ನೈ ಮೆಟ್ರೋದಲ್ಲಿ ನಿಂತೇ ಹೋದೆ, ಬಾಯಿ ಮುಚ್ಚಿಕೊಂಡು ಜಂಟಿ ವರಸೆ ಹೇಳುತ್ತ. ಪಕ್ಕದ ಮಾಮಿ ಜೇನುಹುಳ ಹೊಕ್ಕಿತೇನೋ ಎಂದು ಸುತ್ತ ನೋಡಿದರು.

ಬೆಳಿಗ್ಗೆ ಎರಡು ಟ್ರ್ಯಾಕ್ ಹಾಡಿದೆ. ಎಂದಿನ ಕೆಲಸ. ಮೊದಲು ನಾನು ಹಾಡುವುದು, ಆಮೇಲೆ ದೊಡ್ಡ ಗಾಯಕಿ ಬಂದು ನನ್ನ ದನಿಯನ್ನು ಕಿವಿಯಲ್ಲಿ ಕೇಳಿಕೊಂಡು ಅದರ ಮೇಲೆಯೇ ಹಾಡುವುದು, ಆಮೇಲೆ ನನ್ನದನ್ನು ಅಳಿಸುವುದು. ಎರಡು ವರ್ಷದಿಂದ ಇದೇ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು. ಹೋಟೆಲಿನವರ ಮಗಳಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಇವತ್ತು! ಮ್ಯೂಸಿಕ್ ಡೈರೆಕ್ಟರ್ ಕಮಲಾಕರ ಸರ್ ಕರೆದರು. ಯಾವುದೋ ಕಂಪನಿಯವರು ಹೊಸಬರಿಗಾಗಿ ‘ಹೊಸ ದನಿ’ ಎಂದು ಸ್ಕೀಮ್ ಮಾಡಿದ್ದಾರಂತೆ, ಕನ್ನಡ ವೆಬ್ ಸಿನಿಮಾದ ಒಂದು ಹಾಡು. ಫೈನಲ್ ವಾಯ್ಸ್ ನನ್ನದು. ಹೆಸರು ಬರುತ್ತದೆ! ಹಾಡು ಗೆದ್ದರೆ ಮುಂದೆ ಮೂರು ಹಾಡಿನ ಕಾಂಟ್ರಾಕ್ಟ್.

ಟ್ರ್ಯಾಕ್ ಮೊದಲೇ ಇದೆಯಂತೆ. ಯಾರೋ ಹರ್ಷಿಣಿ ಹಾಡಿದ್ದು. ಪಾಪ, ಅವಳದ್ದನ್ನು ಅಳಿಸುವ ಸರದಿ ನನ್ನದು. ಪಾಪ ಎಂದು ಬರೆದೆ, ಆದರೆ ಮನೆಗೆ ಕುಣಿದುಕೊಂಡೇ ಬಂದೆ.

ಜೂನ್ 14, ಶುಕ್ರವಾರ

ಮೊದಲ ಸೆಷನ್. ಬಲಗಿವಿಯಲ್ಲಿ ವಾದ್ಯ, ಎಡಗಿವಿಯಲ್ಲಿ ಅವಳು.

ಚೆನ್ನಾಗಿ ಹಾಡಿದ್ದಾಳೆ. ಹೊಟ್ಟೆಕಿಚ್ಚಾಗುವಷ್ಟು. ‘ಬಾಗಿಲಲಿ ನಿಂತ ಬೆಳಕೇ, ಒಳಗೆ ಬಾ…’ ಒಂದೇ ಕಡೆ ತಪ್ಪು. ‘ಬೆಳ’ ಎಂದು ನಿಲ್ಲಿಸಿ, ಚಿಕ್ಕದೊಂದು ಉಸಿರು ಎಳೆದು, ‘ಕೇ’ ಅನ್ನುತ್ತಾಳೆ. ಶಬ್ದದ ನಡುವೆ ಯಾರಾದರೂ ಉಸಿರು ತೆಗೆದುಕೊಳ್ಳುತ್ತಾರಾ? ನನಗೆ ಹಾಡು ಕಲಿಸಿದ ಪಾಟು ಟೀಚರ್ ಆಗಿದ್ದರೆ ತೊಡೆಗೆ ಒಂದು ಕೊಡುತ್ತಿದ್ದರು. ನಾನು ತಿದ್ದಿ, ಒಂದೇ ಉಸಿರಿಗೆ ಹಾಡಿದೆ.

ಕಮಲಾಕರ ಸರ್ ಗಾಜಿನಾಚೆಯಿಂದ ಟಾಕ್‌ಬ್ಯಾಕ್‌ನಲ್ಲಿ, “ನಿಶ್ಮಿತಾ, ಶ್ರುತಿ ಕರೆಕ್ಟು, ತಾಳ ಕರೆಕ್ಟು. ಪ್ರಾಣ ಇಲ್ಲ. ಆ ಹುಡುಗಿ ಉಸಿರು ತಗೊಳ್ತಾಳಲ್ಲ, ಅದು ಬೇಕು ನನಗೆ. ಹಾಡು ಇರೋದೇ ಅಲ್ಲಿ” ಎಂದರು.

ಊಟದವರೆಗೂ ಅದನ್ನೇ ಮಾಡಿದೆ. ಬರಲಿಲ್ಲ. ನಾನು ಮಾಡಿದರೆ ಬಿಕ್ಕಳಿಕೆ.

ಜೂನ್ 18, ಮಂಗಳವಾರ

ಮನೆಯಲ್ಲಿಯೂ ಅದೇ ಪ್ರಾಕ್ಟೀಸ್. ಬೆಳ… ಕೇ. ಬೆಳ… ಕೇ. ಅಮ್ಮ ತೆಂಗಿನಕಾಯಿ ತುರಿಯುವುದನ್ನು ಬಿಟ್ಟು ಬಂದಳು. “ಎಂತ ಮಾರಾಯ್ತಿ, ದಮ್ಮು ಕಟ್ಟಿದವರ ಹಾಗೆ ಮಾಡ್ತಿಯಲ್ಲ! ಡಾಕ್ಟ್ರ ಹತ್ರ ಹೋಗುವನಾ?” ಇದು ಸ್ಟೈಲ್ ಅಮ್ಮಾ ಎಂದೆ. “ಸ್ಟೈಲೂ ಬೇಡ, ಪೈಲೂ ಬೇಡ. ಕೇಳುವಾಗ ಹೆದರಿಕೆ ಆಗ್ತದೆ” ಎಂದಳು.

ಸ್ಟುಡಿಯೋದಲ್ಲಿ ಮತ್ತೆ ಸೋತೆ. ಬ್ರೇಕ್‌ನಲ್ಲಿ ಸೌಂಡ್ ಎಂಜಿನಿಯರ್ ಗುರುಚರಣನನ್ನು ಕೇಳಿದೆ — ಹರ್ಷಿಣಿ ನಂಬರ್ ಕೊಡು, ಹೇಗೆ ಮಾಡುತ್ತಾಳೆ ಎಂದು ಅವಳನ್ನೇ ಕೇಳುತ್ತೇನೆ.

ಅವನು ಮಿಕ್ಸರಿನ ಫೇಡರ್ ಒರೆಸುತ್ತ ಕುಳಿತ. ಅವನ ಮನೆಯವರು ಮೈಸೂರಿನ ಕಡೆಯವರು, ಆದರೆ ಅವನು ಹುಟ್ಟಿದ್ದು ಬೆಳೆದದ್ದು ಇಲ್ಲೇ. “ಅವ್ಳು ಇಲ್ಲ ಮಾ ಈಗ. ಹೋದ ವರ್ಷವೇ… ಹಾರ್ಟು.”

ಆಮೇಲೆ ಒಂದೊಂದಾಗಿ ಹೇಳಿದ. ಆ ದಿನ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಂದಳು, ನೀರು ಕುಡಿದಳು, ನಗುತ್ತ ಮೈಕ್ ಮುಂದೆ ನಿಂತಳು. “ಫೀಲ್ ಕೊಡ್ತಿದ್ದಾಳೆ ಅಂತ ನೆನೆಸ್ಕೊಂಡ್ವಿ ಮಾ. ಸರ್ ಅಂತೂ ಚಪ್ಪಾಳೆ ತಟ್ಟಿದ್ರು. ನೆಕ್ಸ್ಟ್ ಮಂತ್ ಫೋನ್ ಬಂತು, ಅವ್ಳೋ ತಾನ್, ಅಷ್ಟೇ, ಮುಗೀತು.”

ಅಂದರೆ ಅದು ಸ್ಟೈಲ್ ಅಲ್ಲ. ಸಾಯುತ್ತಿದ್ದ ಹುಡುಗಿಗೆ ಉಸಿರು ಸಾಲದೆ ಹೋದದ್ದು. ಅದನ್ನು ನಾನು ನಾಲ್ಕು ದಿನದಿಂದ ಕನ್ನಡಿ ಮುಂದೆ ನಿಂತು ಕಲಿಯುತ್ತಿದ್ದೇನೆ.

ಜೂನ್ 20, ಗುರುವಾರ

ಎಡಗಿವಿಯದನ್ನು ಮ್ಯೂಟ್ ಮಾಡು ಎಂದು ಗುರುಚರಣನಿಗೆ ಹೇಳಿದೆ. ಮಾಡಿದೆ ಎಂದ. ಮತ್ತೆ ಹಾಡಿದೆ. ಆ ಜಾಗ ಬಂತು… ಅವಳ ಉಸಿರು ಸ್ಪಷ್ಟವಾಗಿ ಕೇಳಿಸಿತು. ಇನ್ನೂ ಬರುತ್ತಿದೆಯಲ್ಲ, ಮ್ಯೂಟ್ ಮಾಡು ಎಂದರೆ ಮಾಡಬಾರದಾ ಎಂದು ಕೂಗಿದೆ. ಗುರುಚರಣ ಗಾಜಿನ ಆ ಕಡೆಯಿಂದ ಎರಡೂ ಕೈ ಎತ್ತಿ ತೋರಿಸಿದ. ಕೇಬಲ್ಲನ್ನೇ ಕಿತ್ತಿದ್ದ.

ಕಮಲಾಕರ ಸರ್, “ಸಾಕು ಬಿಡಮ್ಮ. ಸುಸ್ತಾಗಿದ್ದೀಯ. ಇರೋದ್ರಲ್ಲೇ ಮ್ಯಾನೇಜ್ ಮಾಡ್ತೀವಿ” ಎಂದರು.

ಅವಕಾಶ ಕಳೆದುಕೊಂಡೆ ಎಂದುಕೊಂಡು ಮೆಟ್ರೋದಲ್ಲಿ ಅತ್ತೆ. ಹೆಡ್‌ಫೋನ್ ಚೀಲದಲ್ಲಿತ್ತು. ಎಡಗಿವಿ ತಣ್ಣಗಿತ್ತು.

ಜುಲೈ 19, ಶುಕ್ರವಾರ

ಹಾಡು ಬಂತು! ‘ಗಾಯನ: ನಿಶ್ಮಿತಾ’. ಪರದೆಯ ಮೇಲೆ, ಬಿಳಿ ಅಕ್ಷರ, ನನ್ನದೇ ಹೆಸರು. ಮುಟ್ಟಿ ನೋಡಿದೆ, ಹುಚ್ಚಿಯ ಹಾಗೆ. ಕೈಯಿಂದ ಕೈಗೆ ಪಾಸ್ ಆಗಿ ಫೋನ್ ಅಪ್ಪನ ಹೋಟೆಲಿಗೇ ಹೋಯಿತು. ಅಪ್ಪ ಯಾವತ್ತೂ ಜಾಸ್ತಿ ಮಾತಾಡುವವನಲ್ಲ, ಇವತ್ತು ಹುಡುಗರಿಗೆಲ್ಲ ಗೋಳಿಬಜೆ ಕೊಡಿಸಿ, “ನಮ್ಮ ಮಗು ಹಾಡಿದ್ದು” ಎಂದನಂತೆ. ದಿನಾ ಬರೆ ಬರೆ ಎನ್ನುವ ಬ್ಯಾಂಕ್ ಪರೀಕ್ಷೆಯ ಮಾತು ಎತ್ತಲಿಲ್ಲ.

ಸಂಜೆ ಸರಿಯಾಗಿ ಕುಳಿತು ಕೇಳಿದೆ. ಬಾಗಿಲಲಿ ನಿಂತ — ನಾನು. ಬೆಳ — ನಾನು. ಆಮೇಲೆ ಆ ಉಸಿರು.

ಅದು ನಾನಲ್ಲ.

ಗುರುಚರಣನಿಗೆ ಫೋನ್. “ಸರ್ ಹೇಳಿದ್ರು ಮಾ, ಅವ್ಳ ಟ್ರ್ಯಾಕಿಂದ ಕಟ್ ಮಾಡಿ ನಿಂದಕ್ಕೆ ಒಟ್ಟಿಸ್ದೆ. ಇತ್ತುಣ್ಣೂಂಡು, ಇಷ್ಟೇ ಇಷ್ಟು ಪೀಸು. ಪಾಟು ಪೂರ್ತಿ ನಿಂದೇ ಅಲ್ವಾ? ಯಾರಿಗೆ ಗೊತ್ತಾಗುತ್ತೆ?”

ಯಾರಿಗೂ ಗೊತ್ತಾಗುವುದಿಲ್ಲ. ಹೌದು.

ಆಗಸ್ಟ್ 3, ಶನಿವಾರ

ಲಕ್ಷಗಟ್ಟಲೆ ರೀಲ್ಸ್. ಎಲ್ಲರೂ ಆ ಜಾಗವನ್ನೇ ತೆಗೆದುಕೊಂಡಿದ್ದಾರೆ. ಮದುಮಗಳು ತಿರುಗಿ ನೋಡುವುದು, ಮಗು ಕಣ್ಣು ಬಿಡುವುದು, ಒಬ್ಬನಂತೂ ದೋಸೆ ಮಗುಚಿ ಹಾಕುವುದಕ್ಕೆ. ಬೆಳ — ಉಸಿರು — ಕೇ. ‘ಆ ಉಸಿರಿಗೆ ಸತ್ತೆ’ ಎಂದು ಒಬ್ಬಳು ಕಮೆಂಟ್ ಹಾಕಿದ್ದಾಳೆ, ಪಕ್ಕದಲ್ಲಿ ಕೆಂಪು ಹೃದಯ.

ಕಾಂಟ್ರಾಕ್ಟ್ ಪಕ್ಕಾ ಎಂದರು ಕಮಲಾಕರ ಸರ್. ಖುಷಿಯಾಗಿದೆಯಾ ಎಂದು ಅಮ್ಮ ಕೇಳಿದಳು. ಆಗಿದೆ. ಸುಳ್ಳು ಯಾಕೆ ಬರೆಯಲಿ, ತುಂಬಾ ಆಗಿದೆ. ಬೀದಿಯಲ್ಲಿ ಯಾರ ಫೋನಿನಿಂದಾದರೂ ಅದು ಕೇಳಿಸಿದಾಗ ಮಾತ್ರ ಬೆನ್ನಿನಲ್ಲಿ ತಣ್ಣಗಾಗುತ್ತದೆ. ಒಬ್ಬಳು ಹುಡುಗಿ ಊರೆಲ್ಲ ದಮ್ಮು ಕಟ್ಟಿಕೊಂಡು ನನ್ನನ್ನು ಹುಡುಕುತ್ತಿರುವ ಹಾಗೆ.

ಆಗಸ್ಟ್ 11, ಭಾನುವಾರ

ತಾಂಬರಂಗೆ ಹೋಗಿ ಬಂದೆ. ಹರ್ಷಿಣಿಯ ತಾಯಿ ಮೆಸೇಜ್ ಮಾಡಿದ್ದರು: ‘ಹಾಡು ಕೇಳಿದೆ. ಒಮ್ಮೆ ಬಂದು ಹೋಗು ತಂಗಿ.’ ಅಷ್ಟೇ. ಜಗಳಕ್ಕೆ ಕರೆದಿದ್ದಾರೆ ಎಂದುಕೊಂಡೆ. ಎಲೆಕ್ಟ್ರಿಕ್ ಟ್ರೇನಿನಲ್ಲಿ ದಾರಿಯುದ್ದಕ್ಕೂ ಉತ್ತರ ಹೊಂದಿಸುತ್ತ ಹೋದೆ.

ರಮಾಬಾಯಿ. ಹುಬ್ಬಳ್ಳಿಯವರು, ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದಾರೆ. ಈಗ ಒಬ್ಬರೇ. ಜಗಳದ ಹೆಂಗಸೇ ಅಲ್ಲ. “ಬಾರವಾ, ಕೂಡು. ಚಹಾ ಕುಡೀತಿಯಲ್ಲ?” ಎಂದರು. ಚಹಾ ಕುಡಿದಾದ ಮೇಲೆ ಫೋನ್ ತೆಗೆದು ಹಾಡು ಹಾಕಿದರು. ಸರಿಯಾಗಿ ಆ ಜಾಗದಲ್ಲಿ ನಿಲ್ಲಿಸಿದರು.

“ಇದು ನಮ್ಮ ಹರ್ಷಿ.”

ನಾನು ಖಾಲಿ ಲೋಟವನ್ನು ಕೆಳಗಿಟ್ಟೆ.

“ಸಣ್ಣಾಕಿದ್ದಾಗ ಜ್ವರ ಬಂದು ಹಾರ್ಟಿನ ವಾಲ್ವ್ ಕೆಟ್ಟಿತ್ತವಾ. ಅವಕಾಶ ತಪ್ಪತಾವು, ಸ್ಟುಡಿಯೋದಾಗ ಯಾರಿಗೂ ಹೇಳಬ್ಯಾಡ ಅಂದಿದ್ಲು. ರಾತ್ರಿ ಅಕಿ ಬಾಜೂಕ ಮಲಗಿ, ಉಸಿರು ಬಂತೋ ಇಲ್ಲೋ ಅಂತ ಕಿವಿಗೊಟ್ಟು ಕೇಳೀನಿ. ನನಗ ಗುರುತು ಸಿಗೂದಿಲ್ಲೇನು?”

ಹೌದು, ಅವಳದೇ ಎಂದೆ. ಅವರು ಅಳಲಿಲ್ಲ, ನಾನೇ ಅತ್ತೆ. ನನ್ನ ತಲೆ ಸವರಿ, “ನಿಂದೇನು ತಪ್ಪದವಾ? ನೀ ಚಂದ ಹಾಡೀದಿ. ಒಂದ ಮಾತು ನಡಿಸಿಕೊಡು. ಎಲ್ಲೆರೆ ಒಮ್ಮೆ ಅಕಿ ಹೆಸರು ಹೇಳು. ಇದು ಹರ್ಷಿಣಿದು ಅಂತ. ಇಷ್ಟು ಮಂದಿ ಕೇಳಾಕತ್ತಾರ, ಯಾರದಂತ ಗೊತ್ತಿರಲಿ” ಎಂದರು.

ಹೇಳುತ್ತೇನೆ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ.

ಆಗಸ್ಟ್ 13, ಮಂಗಳವಾರ

ಕಮಲಾಕರ ಸರ್ ಹತ್ತಿರ ಹೇಳಿದೆ. ಅವಳ ಹೆಸರೂ ಹಾಕಿ ಸರ್.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. “ಟ್ರ್ಯಾಕ್ ಹಾಡಿದವರ ಹೆಸರು ಹಾಕೋ ಪದ್ಧತಿ ಇಲ್ಲಮ್ಮ ನಮ್ಮ ಲೈನ್‌ನಲ್ಲಿ. ನೀನೂ ಅಷ್ಟು ಹಾಡಿದ್ದೀಯ, ನಿನ್ನ ಹೆಸರು ಕೇಳಿದ್ಯಾ? ಆ ಉಸಿರು ನಿನ್ನದಲ್ಲ ಅಂದ್ರೆ ಕಂಪನಿಯವರು ಕೇಳೋದು ಒಂದೇ: ಹಾಗಾದ್ರೆ ಹೊಸ ದನಿ ಯಾವುದು? ಕಾಂಟ್ರಾಕ್ಟ್ ಅಲ್ಲಿಗೆ ಮುಗೀತು. ಯೋಚನೆ ಮಾಡು” ಎಂದರು.

ಯೋಚನೆ ಮಾಡುತ್ತಿದ್ದೇನೆ.

ಆಗಸ್ಟ್ 22, ಗುರುವಾರ

ಯೋಚನೆ ಮುಗಿಯಿತು. ನಾಳೆ ಬೆಂಗಳೂರಿನ ಒಂದು ಎಫ್‌ಎಂನಲ್ಲಿ ಲೈವ್, ಇಲ್ಲಿನ ಸ್ಟುಡಿಯೋದಿಂದಲೇ ಮಾತಾಡುವುದು. ಲೈವ್ ಆದರೆ ಕತ್ತರಿ ಹಾಕಲು ಆಗುವುದಿಲ್ಲ. ಅಲ್ಲೇ ಹೇಳಿಬಿಡುತ್ತೇನೆ. ಕಾಂಟ್ರಾಕ್ಟ್ ಹೋದರೆ ಹೋಗಲಿ… ಹೋಗಬಾರದು, ಆದರೆ ಹೋಗಲಿ.

ರಮಾಬಾಯಿಗೆ ಫೋನ್ ಮಾಡಿದೆ. ಫೋನಿನ ಆ್ಯಪ್ನಲ್ಲಿ ಬರುತ್ತದೆ, ಬೆಳಿಗ್ಗೆ ಹನ್ನೊಂದಕ್ಕೆ ಕೇಳಿ ಎಂದೆ. “ದೇವರ ಮುಂದ ಕುಂತು ಕೇಳ್ತೀನವಾ” ಎಂದರು.

ಆಗಸ್ಟ್ 23, ಶುಕ್ರವಾರ, ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆರ್‌ಜೆ ರೂಪೇಶ್ ಒಳ್ಳೆಯ ಮಾತುಗಾರ. ಚೆನ್ನೈ, ಅಪ್ಪನ ಹೋಟೆಲು, ಸಾಂಬಾರು ಎಲ್ಲ ಆಯಿತು. ಆಮೇಲೆ, “ನಿಶ್ಮಿತಾ, ಇಡೀ ಕರ್ನಾಟಕ ಕೇಳ್ತಾ ಇದೆ, ಆ ಉಸಿರಿನ ಗುಟ್ಟು ಏನು?” ಎಂದ.

ಬಾಯಿ ತೆರೆದೆ. ಅದು… ಎಂದೆ. ಅಷ್ಟರಲ್ಲಿ ಅವನೇ, “ಇರಿ ಇರಿ! ಮೊದಲು ಒಂದ್ಸಲ ಮಾಡಿ ತೋರ್ಸಿ, ಆಮೇಲೆ ಗುಟ್ಟು!” ಎಂದ.

ಒಳ್ಳೆಯದೇ ಆಯಿತು ಎಂದುಕೊಂಡೆ. ಜೂನ್‌ನಲ್ಲಿ ಅಷ್ಟು ದಿನ ಒದ್ದಾಡಿದರೂ ಬಾರದ್ದು ಈಗ ಬರುತ್ತದಾ? ಬಿಕ್ಕಳಿಕೆ ಬರುತ್ತದೆ, ಎಲ್ಲರಿಗೂ ಕೇಳುತ್ತದೆ. ನೋಡಿ, ನನ್ನಿಂದ ಆಗುವುದಿಲ್ಲ, ಯಾಕೆಂದರೆ ಇದು ಹರ್ಷಿಣಿಯದು ಎನ್ನಬಹುದು. ಅದಕ್ಕಿಂತ ಸಾಕ್ಷಿ ಬೇಕಾ?

ಹಾಡಿದೆ. ಬಾಗಿಲಲಿ ನಿಂತ ಬೆಳ —

ಬಂತು.

ನಾನು ತೆಗೆದುಕೊಂಡದ್ದಲ್ಲ. ಅದಾಗಿಯೇ ಬಂತು. ಎದೆ ಹಿಡಿದುಕೊಂಡಿತು, ಪಕ್ಕೆಯ ಕೆಳಗೆ ಎಲ್ಲೋ ಚುಚ್ಚಿತು, ಗಾಳಿ ಸಾಲದೆ ಒಂದು ಗುಟುಕು ಎಳೆದುಕೊಂಡಿತು. ಆಮೇಲೆ ‘ಕೇ’. ಎಡಗಿವಿಯಲ್ಲಿ ಏನೂ ಇರಲಿಲ್ಲ. ಮೊದಲ ಬಾರಿಗೆ ಅಲ್ಲಿ ಪೂರ್ತಿ ನಿಶ್ಶಬ್ದ.

ರೂಪೇಶ್ ಕಿರುಚಿದ, ಚಪ್ಪಾಳೆ ಸೌಂಡ್ ಹಾಕಿದ. ಗಾಜಿನಾಚೆ ಗುರುಚರಣ ಎದ್ದು ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ಹೆಸರು ಹೇಳಬೇಕು, ಈಗ ಹೇಳಬೇಕು… ಆದರೆ ನನ್ನ ಬಾಯಿಂದಲೇ ಬಂದ ಮೇಲೆ ಯಾರು ನಂಬುತ್ತಾರೆ ಇನ್ನು? ಜಾಹೀರಾತು ಶುರುವಾಯಿತು.

ಮೆಟ್ಟಿಲಿಳಿಯುವಾಗ ರಮಾಬಾಯಿಯ ಫೋನ್. ತಪ್ಪಾಯಿತು ಎನ್ನಲು ಹೊರಟೆ. ಅವರು ಅಳುತ್ತ ನಗುತ್ತಿದ್ದರು. “ಹೆಸರು ಬ್ಯಾಡವಾ ತಂಗಿ, ಹೆಸರು ತೊಗೊಂಡು ಏನು ಮಾಡ್ಲಿ? ಅಕಿನ ಬಂದಿದ್ಲಲ್ಲ! ಇನ್ನೊಮ್ಮೆ ಮಾಡ್ತೀಯೇನು? ಫೋನಿನಾಗ… ಒಂದ ಸಲ?”

ಇಲ್ಲ ಎನ್ನಬೇಕಿತ್ತು. ಮಾಡಿದೆ.

ಆಗಸ್ಟ್ 27, ಮಂಗಳವಾರ

ರಮಾಬಾಯಿ ದಿನಾ ಸಂಜೆ ಫೋನ್ ಮಾಡುತ್ತಾರೆ. ಮಾತಿಲ್ಲ, ಆ ಉಸಿರೊಂದೇ. ಕೇಳಿ ಇಡುತ್ತಾರೆ.

ಕಮಲಾಕರ ಸರ್ ಹೊಸ ಹಾಡು ಹಾಡಿಸಿದರು. ಅದರಲ್ಲಿ ಬೇಡದ ಕಡೆಯೂ ಬಂತು. “ಸಿಗ್ನೇಚರ್ ಆಗೋಯ್ತಲ್ಲಮ್ಮ ನಿಂದು!” ಎಂದು ಬೆನ್ನು ತಟ್ಟಿದರು. ಹೆದರಿಕೆಯಾಗುತ್ತಿದೆ ಸರ್ ಎಂದೆ. ಹೊಸದರಲ್ಲಿ ಹಾಗೇ ಎಂದರು.

ಅಮ್ಮ ಕೀಲ್ಪಾಕ್ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇಸಿಜಿ, ಎಕೋ ಎಲ್ಲ ಆಯಿತು. ಹೃದಯ ಚೆನ್ನಾಗಿದೆಯಂತೆ. ಮತ್ತೆ ಯಾಕೆ ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟಿ ನಡುವೆಯೇ ಕುಳಿತುಕೊಳ್ಳುತ್ತಾಳೆ ಎಂದು ಅಮ್ಮ ಡಾಕ್ಟರನ್ನು ಕೇಳಿದಳು. ಅವರು ವಿಟಮಿನ್ ಮಾತ್ರೆ ಬರೆದುಕೊಟ್ಟರು.

ಆಗಸ್ಟ್ 31, ಶನಿವಾರ

ಇವತ್ತು ಮುಗಿಸಬೇಕು. ವಿಡಿಯೋ ಮಾಡಿ ಹಾಕುತ್ತೇನೆ. ಹೆಸರು ಹೇಳಿದರೆ ಅವಳಿಗೆ ಬೇಕಾದದ್ದು ಸಿಗುತ್ತದೆ, ಬಿಟ್ಟು ಹೋಗುತ್ತಾಳೆ. ಹೋಗುತ್ತಾಳೆ ಅಲ್ಲವಾ?

ಕ್ಯಾಮೆರಾ ಮುಂದೆ ಕುಳಿತು ಬೆಳಿಗ್ಗೆಯಿಂದ ಪ್ರಯತ್ನಿಸುತ್ತಿದ್ದೇನೆ. ‘ನಮಸ್ಕಾರ, ನಾನು ನಿಶ್ಮಿತಾ’ — ಸರಾಗ. ‘ಈ ಹಾಡಿನಲ್ಲಿ’ — ಸರಾಗ. ಅವಳ ಹೆಸರಿನ ನಡುವೆ ಮಾತ್ರ ಪ್ರತಿ ಸಲ ಎದೆ ಹಿಡಿಯುತ್ತದೆ, ಗಾಳಿ ಎಳೆದುಕೊಳ್ಳುತ್ತದೆ, ಉಳಿದದ್ದು ಹೊರಗೆ ಬರುವುದಿಲ್ಲ. ಪ್ಲೇ ಮಾಡಿ ನೋಡಿದರೆ ಒಬ್ಬಳು ಹುಡುಗಿ ಬಾಯಿ ತೆರೆದು ನಗುತ್ತ ಕುಳಿತಿದ್ದಾಳೆ. ನಾನು ನಕ್ಕಿರಲಿಲ್ಲ.

ಸರಿ. ಬಾಯಲ್ಲಿ ಆಗದಿದ್ದರೆ ಬೇಡ. ಬರೆದೇ ಹಾಕುತ್ತೇನೆ. ಕೈಗೆ ಉಸಿರು ಬೇಕಾಗಿಲ್ಲವಲ್ಲ. ಮೊದಲು ಇಲ್ಲಿ ಬರೆದುಕೊಂಡು, ಆಮೇಲೆ ಟೈಪ್ ಮಾಡುತ್ತೇನೆ.

ನಮಸ್ಕಾರ. ನಾನು ನಿಶ್ಮಿತಾ. ಈ ಹಾಡಿನಲ್ಲಿ ನೀವೆಲ್ಲ ಇಷ್ಟಪಟ್ಟ ಆ ಉಸಿರು ನನ್ನ —